ಎಚ್‌ಆರ್ ಪರೀಕ್ಷೆಗೆ ಕೂರುವ ಮುನ್ನ: ನಮ್ಮ ವರ್ಷಗಳ ಲೆಕ್ಕ

ಶಾರ್ಜಾದಲ್ಲಿ ನಡೆದ ಉದ್ಯೋಗ ಮಾಹಿತಿ ಸಭೆಯಲ್ಲಿ ನಮ್ಮ ದಾಖಲೆ ಸಹಾಯ ವಿಭಾಗದ ಪರವಾಗಿ ಮಾಡಿದ ಭಾಷಣದ ಬರಹ ರೂಪ



ವೇದಿಕೆಯಲ್ಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲಿಕ್ಕೂ ಪುರುಸೊತ್ತಿಲ್ಲದೆ ನೇರ ಇಲ್ಲಿಗೆ ಬಂದಿರುವ ತಮ್ಮಂದಿರೇ, ಆಚೆ ಬದಿಯಲ್ಲಿ ಮಕ್ಕಳನ್ನು ಸುಧಾರಿಸಿಕೊಂಡು ಕೂತಿರುವ ಸಹೋದರಿಯರೇ,

ನಮಗೆ ಕೊಟ್ಟ ವಿಷಯ ಎಚ್‌ಆರ್ ಸರ್ಟಿಫಿಕೇಶನ್ ಪರೀಕ್ಷೆ. ಪರೀಕ್ಷೆ ಹೇಗೆ ಪಾಸು ಮಾಡುವುದು ಎಂದು ಕೇಳಲಿಕ್ಕೆ ಬಂದವರಿಗೆ ಸ್ವಲ್ಪ ನಿರಾಶೆ ಆಗಬಹುದು. ಯಾಕೆಂದರೆ ನಾವು ಹೆಚ್ಚು ಹೊತ್ತು ಮಾತಾಡುವುದು ಪರೀಕ್ಷೆಯ ಹಾಲ್‌ಗೆ ಹೋಗುವ ಮೊದಲಿನ ಬಾಗಿಲಿನ ಬಗ್ಗೆ. ಅರ್ಜಿ ಹಾಕುವ ಅರ್ಹತೆ ನಮಗೆ ಉಂಟಾ? ಇದ್ದರೆ ಅದನ್ನು ತೋರಿಸಲಿಕ್ಕೆ ಕಾಗದ ಉಂಟಾ? ನಮ್ಮವರು ಸಿಕ್ಕಿಬೀಳುವುದು ಅಲ್ಲೇ.

ನಾವು ಅಂದರೆ ದಾಖಲೆ ಸಹಾಯ ವಿಭಾಗದ ಐದು ಜನ. ಅದರಲ್ಲಿ ಮೂವರು ಈ ದಾರಿಯಲ್ಲಿ ಹೋದವರು. ಇಬ್ಬರು ಪಾಸಾದೆವು, ಆ ಇಬ್ಬರಲ್ಲಿ ಒಬ್ಬರು ಎರಡನೇ ಸಲಕ್ಕೆ. ಮೂರನೆಯವರಿಗೆ ಪರೀಕ್ಷೆ ಬರೆಯಲಿಕ್ಕೇ ಆಗಲಿಲ್ಲ. ಯಾಕೆಂದು ಮುಂದೆ ಹೇಳುತ್ತೇವೆ.

ಎರಡು ತಿಂಗಳ ಹಿಂದೆ ಬಂಟ್ವಾಳ ಕಡೆಯ ಒಬ್ಬ ತಮ್ಮ ನಮ್ಮಲ್ಲಿಗೆ ಬಂದ. ಅವನನ್ನು ಕೇಳಿಯೇ ಈ ಸಂಗತಿ ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ. ಅವನು ಇಲ್ಲೇ ಎಲ್ಲೋ ಹಿಂದೆ ಕೂತಿದ್ದಾನೆ, ತಿರುಗಿ ಹುಡುಕಬೇಡಿ. ಒಂದು ಕಟ್ಟಡ ಕಂಪನಿಯಲ್ಲಿ ಕೆಲಸ. ಬಂದವನು ನೇರವಾಗಿ ಕೇಳಿದ:

"ಕಾಕಾ, ನಾನು ಎಚ್‌ಆರ್ ಪರೀಕ್ಷೆ ಬರೀಬೇಕು. ಪಿಯುಸಿ ಆದವರಿಗೆ ನಾಲ್ಕು ವರ್ಷ ಅನುಭವ ಕೇಳ್ತಾರೆ. ನನಗೆ ಇಲ್ಲಿ ಏಳು ವರ್ಷ ಆಯ್ತು. ಆದ್ರೆ ಲೇಬರ್ ಕಾರ್ಡಲ್ಲಿ ಹೆಲ್ಪರ್ ಅಂತ ಉಂಟು. ನಿಮ್ಮ ಕಂಪನಿ ಲೆಟರ್‌ಹೆಡ್ಡಲ್ಲಿ ಒಂದು ಲೆಟರ್ ಮಾಡಿ ಕೊಡ್ತೀರಾ?"

ಇದನ್ನು ಕೇಳಿ ನಮಗೆ ಆಶ್ಚರ್ಯ ಆಗಲಿಲ್ಲ. ಇಂಥ ಕೇಳಿಕೆ ನಮಗೆ ಹೊಸತಲ್ಲ. ಆದರೆ ಈ ಹುಡುಗ ನಿಜವಾಗಿ ಎಚ್‌ಆರ್ ಕೆಲಸ ಮಾಡುತ್ತಿದ್ದಾನೆ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು. ಅದರಿಂದಲೇ ನಮಗೆ ಕಷ್ಟ ಆದದ್ದು. ಸುಳ್ಳು ಹೇಳಲಿಕ್ಕೆ ಬಂದವನನ್ನು ವಾಪಸ್ ಕಳಿಸುವುದು ಸುಲಭ. ಅರ್ಧ ಸತ್ಯ ಕೈಯಲ್ಲಿಟ್ಟುಕೊಂಡು ಬಂದವನಿಗೆ ಎಂತ ಹೇಳುವುದು?

ನಮ್ಮ ಊರಿನವರ ಕತೆಯೇ ಹೀಗೆ. ಬಂದದ್ದು ಹೆಲ್ಪರ್ ವೀಸಾದಲ್ಲಿ, ಡ್ರೈವರ್ ವೀಸಾದಲ್ಲಿ, ಆಫೀಸ್ ಬಾಯ್ ವೀಸಾದಲ್ಲಿ. ಸ್ವಲ್ಪ ಇಂಗ್ಲಿಷ್, ಸ್ವಲ್ಪ ಹಿಂದಿ, ಮಲಯಾಳ ಬರುತ್ತದೆ, ಲೆಕ್ಕ ಚುರುಕು. ಒಂದು ದಿನ ಟೈಮ್‌ಕೀಪರ್ ರಜೆಗೆ ಹೋಗುತ್ತಾನೆ, "ನೀನು ನೋಡ್ಕೊ" ಎಂದು ಮ್ಯಾನೇಜರ್ ಹೇಳುತ್ತಾರೆ. ಹೋದವನು ವಾಪಸ್ ಬರುವುದಿಲ್ಲ, ಇವನು ಆ ಕುರ್ಚಿಯಲ್ಲೇ ಉಳಿಯುತ್ತಾನೆ. ಕ್ಯಾಂಪಿನ ರೂಮ್ ಹಂಚುವವನು, ಪಿಆರ್‌ಒ ಜೊತೆ ಮೆಡಿಕಲ್‌ಗೆ ಹುಡುಗರನ್ನು ಕರೆದುಕೊಂಡು ಹೋಗುವವನು, ಸಂಬಳದ ಫೈಲ್ ತಯಾರು ಮಾಡುವವನು, ಇವರಲ್ಲಿ ನಮ್ಮವರು ಎಷ್ಟು ಜನ! ಕೆಲಸ ಬದಲಾಗುತ್ತದೆ, ಕಾರ್ಡಿನ ಹೆಸರು ಬದಲಾಗುವುದಿಲ್ಲ. ಸಂಬಳವೂ ಹೆಚ್ಚಾಗಿ ಬದಲಾಗುವುದಿಲ್ಲ, ಅದು ಬೇರೆ ವಿಷಯ.

ಮೊದಲು ಪರೀಕ್ಷೆಗಳ ಗುರುತು ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಮುಂದಿನದ್ದು ಅರ್ಥ ಆಗುವುದಿಲ್ಲ. ಇಲ್ಲಿ ಕಿವಿಗೆ ಬೀಳುವ ಹೆಸರು ಮುಖ್ಯವಾಗಿ ಮೂರು. ಅಮೆರಿಕದ ಎಚ್‌ಆರ್‌ಸಿಐ, ಅಮೆರಿಕದ್ದೇ ಆದ ಎಸ್‌ಎಚ್‌ಆರ್‌ಎಂ, ಮತ್ತೆ ಬ್ರಿಟನ್ನಿನ ಸಿಐಪಿಡಿ. ಎರಡನೆಯದನ್ನು ಎಲ್ಲರೂ ಶರ್ಮ್ ಎನ್ನುತ್ತಾರೆ, ನಾವೂ ಹಾಗೇ ಹೇಳುತ್ತೇವೆ. ಸಿಐಪಿಡಿಯದ್ದು ಒಂದು ದಿನದ ಪರೀಕ್ಷೆಗಿಂತ ಕೋರ್ಸ್ ಮಾಡಿ ಅಸೈನ್‌ಮೆಂಟ್ ಬರೆದು ಪಡೆಯುವ ಅರ್ಹತೆ, ಖರ್ಚೂ ಹೆಚ್ಚು. ಇವತ್ತು ಅದನ್ನು ಬಿಡುವ.

ಎಚ್‌ಆರ್‌ಸಿಐ ಹಲವು ಪರೀಕ್ಷೆಗಳನ್ನು ನಡೆಸುತ್ತದೆ. ನಮಗೆ ಬೇಕಾದವು ಕೊನೆಯಲ್ಲಿ 'ಐ' ಇರುವವು. ಈ 'ಐ' ಅಕ್ಷರ ಇಂಟರ್‌ನ್ಯಾಷನಲ್ ಎಂಬುದರ ಗುರುತು. ಪಿಎಚ್‌ಆರ್ ಬೇರೆ, ಪಿಎಚ್‌ಆರ್‌ಐ ಬೇರೆ. ಪಿಎಚ್‌ಆರ್‌ನಲ್ಲಿ ಅಮೆರಿಕದ ಕಾರ್ಮಿಕ ಕಾನೂನು ಕೇಳುತ್ತಾರೆ. ಪಿಎಚ್‌ಆರ್‌ಐಯಲ್ಲಿ ಯಾವುದೇ ಒಂದು ದೇಶದ ಕಾನೂನು ಕೇಳುವುದಿಲ್ಲ. ಈ ಒಂದು ಅಕ್ಷರದ ವ್ಯತ್ಯಾಸ ಗೊತ್ತಿಲ್ಲದೆ ನಮ್ಮಲ್ಲಿ ಒಬ್ಬರು ಹಳೆ ಪುಸ್ತಕದ ಅಂಗಡಿಯಿಂದ ಪಿಎಚ್‌ಆರ್ ಪುಸ್ತಕ ತಂದು ಮೂರು ತಿಂಗಳು ಓದಿದರು. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಯಲ್ಲಿ 12 ವಾರ ಸಂಬಳವಿಲ್ಲದ ಕುಟುಂಬ ರಜೆ ಕೊಡಬೇಕು ಎಂಬ ಅಮೆರಿಕದ 1993ರ ಕಾನೂನು ಅವರಿಗೆ ಬಾಯಿಪಾಠ. ನಮಗೆ ಇಲ್ಲಿ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಲಿಕ್ಕೆ ಟಿಕೆಟ್ ಸಿಕ್ಕಿದರೆ ದೊಡ್ಡದು. ಈಗ ನೆನಪಿಸಿಕೊಂಡು ನಗುತ್ತೇವೆ, ಆಗ ನಗು ಬರಲಿಲ್ಲ.

ಈಗ ಅನುಭವದ ಲೆಕ್ಕ. ಪಿಎಚ್‌ಆರ್‌ಐಗೆ ಸ್ನಾತಕೋತ್ತರ ಪದವಿ ಇದ್ದರೆ 1 ವರ್ಷ, ಪದವಿ ಇದ್ದರೆ 2 ವರ್ಷ, ಹೈಸ್ಕೂಲ್ ಡಿಪ್ಲೊಮಾ ಇದ್ದರೆ 4 ವರ್ಷ ಅನುಭವ ಬೇಕು. ಅಮೆರಿಕದವರ ಹೈಸ್ಕೂಲ್ ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಅಲ್ಲ, ಹನ್ನೆರಡು ವರ್ಷದ ಓದು, ಅಂದರೆ ಪಿಯುಸಿ. ಅದಕ್ಕೂ ಮೇಲಿನ ಎಸ್‌ಪಿಎಚ್‌ಆರ್‌ಐಗೆ ಇನ್ನೂ ಹೆಚ್ಚು ವರ್ಷ ಬೇಕು, ಅದು ಮ್ಯಾನೇಜರ್ ಮಟ್ಟದವರಿಗೆ. ಎಲ್ಲಕ್ಕಿಂತ ಕೆಳಗಿನ ಎ-ಪಿಎಚ್‌ಆರ್‌ಐಗೆ ಎಚ್‌ಆರ್ ಅನುಭವವೇ ಬೇಡ, ಅದು ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿಯೇ ಮಾಡಿದ್ದು. ಶರ್ಮ್‌ನ ಮೊದಲ ಹಂತದ ಪರೀಕ್ಷೆ ಎಸ್‌ಎಚ್‌ಆರ್‌ಎಂ-ಸಿಪಿ. ಅದಕ್ಕೆ ಈಗ ಪದವಿಯೂ ಎಚ್‌ಆರ್ ಹುದ್ದೆಯ ಹೆಸರೂ ಕಡ್ಡಾಯ ಇಲ್ಲ, ಕೆಲಸದ ತಿಳುವಳಿಕೆ ಇದ್ದವರು ಬರೆಯುವುದು ಒಳ್ಳೆಯದು ಎನ್ನುತ್ತಾರೆ. ಬಾಗಿಲು ದೊಡ್ಡದು ಎಂದು ಪರೀಕ್ಷೆ ಸಣ್ಣದಲ್ಲ. 134 ಪ್ರಶ್ನೆ, 3 ಗಂಟೆ 40 ನಿಮಿಷ, ಪೂರ್ತಿ ಇಂಗ್ಲಿಷ್ ಓದು.

ಎಚ್‌ಆರ್‌ಸಿಐ ಕೇಳುವ ಅನುಭವಕ್ಕೆ ಒಂದು ವಿಶೇಷಣ ಉಂಟು. ವೃತ್ತಿಪರ ಮಟ್ಟದ ಎಚ್‌ಆರ್ ಅನುಭವ. ಇಡೀ ಗಂಟು ಇರುವುದು ಈ ಮಾತಿನಲ್ಲಿ. ಅಮೆರಿಕದಲ್ಲಿ 1938ರ ಕಾನೂನಿನಿಂದ ಬಂದ ಒಂದು ಭೇದ ಉಂಟು. ಗಂಟೆ ಲೆಕ್ಕದಲ್ಲಿ ಓವರ್‌ಟೈಮ್ ಸಿಗುವ ಕೆಲಸ ಒಂದು ಬಗೆ. ಸ್ವಂತ ಬುದ್ಧಿಯಿಂದ ತೀರ್ಮಾನ ತೆಗೆದುಕೊಳ್ಳುವ ಆಫೀಸ್ ಕೆಲಸ ಇನ್ನೊಂದು ಬಗೆ. ವೃತ್ತಿಪರ ಮಟ್ಟ ಎಂದರೆ ಈ ಎರಡನೆಯದರ ಹತ್ತಿರದ್ದು. ಬರೇ ಟೈಪ್ ಮಾಡುವುದು, ಎಂಟ್ರಿ ಹಾಕುವುದು, ಫೈಲ್ ಜೋಡಿಸುವುದು ಅದರಲ್ಲಿ ಸೇರುವುದಿಲ್ಲ.

ನಾವು ಆ ಹುಡುಗನಿಗೆ ಕೂಡಲೇ ಉತ್ತರ ಕೊಡಲಿಲ್ಲ. "ಮುಂದಿನ ಭಾನುವಾರ ಬಾ" ಎಂದೆವು. ಆ ವಾರ ನಮ್ಮ ಐವರ ನಡುವೆ ಜೋರು ಚರ್ಚೆ. ಒಬ್ಬರು ಹೇಳಿದರು, "ಹುಡುಗನ ಜೀವನ ಮಾರಾಯ್ರೆ. ಒಂದು ಕಾಗದದಲ್ಲಿ ನಮ್ಮದು ಎಂತ ಹೋಗ್ತದೆ? ಅಮೆರಿಕದಿಂದ ಯಾರು ಬಂದು ನೋಡ್ತಾರೆ?" ಅವರ ಮಾತಿನಲ್ಲಿ ಕೆಟ್ಟದ್ದಿರಲಿಲ್ಲ. ಅವರೂ ಹೆಲ್ಪರ್ ಆಗಿ ಬಂದವರು. ನಿಜ ಹೇಳಬೇಕಾದರೆ ಆ ರಾತ್ರಿ ಲೆಟರ್ ಕೊಡುವ ಎಂಬ ಕಡೆಗೇ ನಮ್ಮಲ್ಲಿ ಮೂವರು ವಾಲಿದ್ದರು.

ತಡೆದವರು ಪರೀಕ್ಷೆ ಬರೆಯಲಿಕ್ಕಾಗದ ನಮ್ಮ ಆ ಮೂರನೆಯವರು. ಅವರ ಕತೆ ಹೇಳುತ್ತೇವೆ. ಅವರು ಬಿ.ಕಾಂ. ಪದವೀಧರ. ಒಂದು ಕಂಪನಿಯಲ್ಲಿ ಮೂರು ವರ್ಷ ನಿಜವಾಗಿ ಎಚ್‌ಆರ್ ಅಸಿಸ್ಟೆಂಟ್ ಆಗಿ ನೇಮಕಾತಿಯಿಂದ ಗ್ರಾಚ್ಯುಟಿ ಲೆಕ್ಕದವರೆಗೆ ಎಲ್ಲ ಮಾಡಿದವರು. ಒಂದಕ್ಷರ ಸುಳ್ಳಿಲ್ಲದೆ ಅರ್ಜಿ ತುಂಬಿದರು. ಬಂದ ಅರ್ಜಿಗಳಲ್ಲಿ ಕೆಲವನ್ನು ಆರಿಸಿ ಎಚ್‌ಆರ್‌ಸಿಐ ಆಡಿಟ್ ಮಾಡುತ್ತದೆ. ಇವರದ್ದು ಆಡಿಟ್‌ಗೆ ಬಿತ್ತು. ನೀವು ಹೇಳಿದ ಅನುಭವಕ್ಕೆ ದಾಖಲೆ ಕೊಡಿ ಎಂದರು. ಅಷ್ಟು ಹೊತ್ತಿಗೆ ಆ ಕಂಪನಿ ಬಾಗಿಲು ಹಾಕಿ ಆಗಿತ್ತು. ಮ್ಯಾನೇಜರ್ ಊರಿಗೆ ಹೋಗಿ ನಂಬರ್ ಬದಲಾಗಿತ್ತು. ಬಿಡುವಾಗ ಇವರು ತೆಗೆದುಕೊಂಡದ್ದು ಸೆಟಲ್‌ಮೆಂಟ್ ಹಣ ಮತ್ತು ಪಾಸ್‌ಪೋರ್ಟ್ ಮಾತ್ರ. ಅನುಭವದ ಪತ್ರ ಕೇಳಲೇ ಇಲ್ಲ. ಕೇಳಬೇಕು ಎಂದು ಗೊತ್ತಿರಲಿಲ್ಲ. ಅರ್ಜಿ ಅಲ್ಲಿಗೇ ನಿಂತಿತು. ಅರ್ಜಿ ಶುಲ್ಕವೂ ಹೋಯಿತು.

ಅವರು ನಮಗೆ ಹೇಳಿದ್ದು ಇಷ್ಟೇ: "ನನ್ನ ಸತ್ಯಕ್ಕೇ ಕಾಗದ ಸಿಗಲಿಲ್ಲ. ನೀವು ಇಲ್ಲದ್ದಕ್ಕೆ ಕಾಗದ ಮಾಡಲಿಕ್ಕೆ ಹೊರಟಿದ್ದೀರಿ." ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸುಳ್ಳು ಲೆಟರ್ ಈ ದೇಶದಲ್ಲಿ ಪೊಲೀಸ್ ಕೇಸ್ ಆಗುವ ವಿಷಯ ಎಂದು ಎಲ್ಲರಿಗೂ ಗೊತ್ತು. ಸಹಿ ಹಾಕಿದವನ ಕೆಲಸವೂ ಹೋಗುತ್ತದೆ, ತೆಗೆದುಕೊಂಡವನದ್ದೂ ಹೋಗುತ್ತದೆ. ಅದಕ್ಕಿಂತ ನಮ್ಮನ್ನು ಚುಚ್ಚಿದ್ದು ಬೇರೆ. ಎಚ್‌ಆರ್ ಸೀಟಿನಲ್ಲಿ ಕೂತವನ ಮೊದಲ ಕೆಲಸವೇ ಬಂದವರ ಸರ್ಟಿಫಿಕೇಟ್ ಸರಿ ಉಂಟಾ ಎಂದು ನೋಡುವುದು. ಆ ಸೀಟಿಗೆ ಹೋಗಲಿಕ್ಕೆ ಸುಳ್ಳು ಸರ್ಟಿಫಿಕೇಟ್!

ಮುಂದಿನ ಭಾನುವಾರ ಅವನು ಬಂದ. ನಾವು ಲೆಟರ್ ಕೊಡಲಿಲ್ಲ. ಅದರ ಬದಲು ಚಾ ತರಿಸಿ, ಒಂದು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವನ ಏಳು ವರ್ಷ ಬರೆಯಲಿಕ್ಕೆ ಕೂತೆವು. ದಿನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಎಚ್‌ಆರ್ ಇದ್ದ ತಿಂಗಳು ಮಾತ್ರ ಲೆಕ್ಕಕ್ಕೆ ಎಂದು ಒಂದು ಅಳತೆ ಇಟ್ಟುಕೊಂಡೆವು.

ಮೊದಲ ಎರಡು ವರ್ಷ ಸೈಟಿನಲ್ಲಿ ಶಟರಿಂಗ್ ಹಲಗೆ ಹೊತ್ತದ್ದು. ಅದು ಹೋಯಿತು. ಆಮೇಲೆ ಒಂದೂವರೆ ವರ್ಷ ಆಫೀಸಿನಲ್ಲಿ ಚಾ ಕೊಟ್ಟದ್ದು, ಫೋಟೋಕಾಪಿ, ಫೈಲ್. ಎಚ್‌ಆರ್ ಕೋಣೆಯಲ್ಲೇ ಕೂತಿದ್ದೆ ಎಂದ. ಕೋಣೆ ಎಚ್‌ಆರ್‌ನದ್ದು, ಕೆಲಸ ಅಲ್ಲ. ಅದೂ ಹೋಯಿತು. ಆಮೇಲೆ ಒಂದು ವರ್ಷ ಹಾಜರಿ ಎಂಟ್ರಿ. ಫೋರ್‌ಮನ್ ಬರೆದುಕೊಟ್ಟದ್ದನ್ನು ಎಕ್ಸೆಲ್ಲಿಗೆ ಹಾಕುವುದು. ಇಲ್ಲಿ ನಮ್ಮಲ್ಲೇ ವಾದ ಆಯಿತು. ಒಬ್ಬರು ಇದು ಲೆಕ್ಕಕ್ಕೆ ಬರುತ್ತದೆ ಎಂದರು, ಉಳಿದವರು ಬರುವುದಿಲ್ಲ ಎಂದೆವು. ಕೊನೆಗೆ ಹುಡುಗನೇ ಹೇಳಿದ, "ಬೇಡ ಕಾಕಾ, ಆಗ ನನಗೆ ಅದು ಸರಿಯಾ ತಪ್ಪಾ ಅಂತ ನೋಡ್ಲಿಕ್ಕೆ ಗೊತ್ತಿರಲಿಲ್ಲ. ಬರೇ ಹಾಕ್ತಿದ್ದೆ."

ಉಳಿದದ್ದು ಕಳೆದ ಎರಡೂವರೆ ವರ್ಷ. ಇಲ್ಲಿ ಪೆನ್ನು ನಿಲ್ಲಲಿಲ್ಲ. ಪಂಚಿಂಗ್ ಮೆಷಿನ್ ಹೇಳುವ ಗಂಟೆಗೂ ಫೋರ್‌ಮನ್ ಬರೆದ ಗಂಟೆಗೂ ತಾಳೆ ಆಗದಾಗ ಇಬ್ಬರನ್ನೂ ಕೂರಿಸಿ ಕೇಳಿ ಸರಿ ಮಾಡುವವನು ಇವನು. ರಾತ್ರಿ 10ರಿಂದ ಬೆಳಗ್ಗೆ 4ರ ಒಳಗಿನ ಓವರ್‌ಟೈಮ್‌ಗೆ 50 ಶೇಕಡ ಹೆಚ್ಚು ಕೊಡಬೇಕು, 25 ಅಲ್ಲ ಎಂದು ಅಕೌಂಟ್ಸ್‌ಗೆ ಬರೆದು ಒಂದು ಪಾಳಿಯ ಹನ್ನೊಂದು ಜನರಿಗೆ ಬಾಕಿ ಕೊಡಿಸಿದವನು ಇವನು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದಲ್ಲ, ಆಗ ಪಾಳಿ ಹೇಗೆ ಬದಲಿಸುವುದು ಎಂದು ಪ್ಲಾನ್ ಹಾಕುವವನು ಇವನು. ಬ್ಯಾಂಕ್ ಮೂಲಕ ಸಂಬಳ ಹಾಕುವ ಡಬ್ಲ್ಯುಪಿಎಸ್ ಫೈಲಿನ ಅಂಕಿಗಳನ್ನು ಪರಿಶೀಲಿಸುವವನು ಇವನು. ಹೊಸ ಹುಡುಗರು ಬಂದಾಗ ಕಾಂಟ್ರಾಕ್ಟ್ ಎಂದರೆ ಎಂತ ಎಂದು ಹಿಂದಿಯಲ್ಲಿ ವಿವರಿಸುವವನು, ರೂಮಿನ ಜಗಳ ಕೇಳುವವನು, ಹೆಲ್ಪರ್‌ಗಳ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಪಕ್ಕ ಕೂತು ಅಭಿಪ್ರಾಯ ಕೊಡುವವನು ಇವನೇ.

ಏಳು ವರ್ಷ ಎರಡೂವರೆಗೆ ಇಳಿಯಿತು. ಪಿಯುಸಿ ಲೆಕ್ಕದಲ್ಲಿ ನಾಲ್ಕು ಬೇಕು. ಒಂದೂವರೆ ವರ್ಷ ಕಮ್ಮಿ.

ಆಗ ನಾವು ಕೇಳಿದೆವು, "ಪಿಯುಸಿ ಆದ ಮೇಲೆ ಓದಲಿಲ್ಲವಾ?" "ಬಿ.ಕಾಂ. ಎರಡನೇ ವರ್ಷದಲ್ಲಿ ಬಿಟ್ಟೆ ಕಾಕಾ. ತಂಗಿಯ ಮದುವೆ ಇತ್ತು, ವೀಸಾ ಬಂತು." ಆ ಬಿ.ಕಾಂ. ಮುಗಿಸಿದ್ದರೆ ಎರಡು ವರ್ಷ ಸಾಕಾಗುತ್ತಿತ್ತು. ಅವನ ಹತ್ತಿರ ಎರಡೂವರೆ ಇತ್ತು. ಈ ಲೆಕ್ಕ ನಾವು ಬಾಯಿಬಿಟ್ಟು ಹೇಳಲಿಲ್ಲ. ಕ್ಯಾಲೆಂಡರ್ ನೋಡಿ ಅವನೇ ಹಾಕಿಕೊಂಡ. ಚಾ ಹಾಗೆಯೇ ತಣ್ಣಗಾಯಿತು.

ತಂಗಿಯ ಮದುವೆಗೆ ಬಂದವನನ್ನು ತಪ್ಪು ಎಂದು ಹೇಳುವ ಬಾಯಿ ನಮಗಿಲ್ಲ, ನಾವೂ ಹಾಗೇ ಬಂದವರು. ಆದರೆ ಊರಿನಲ್ಲಿ ಇದನ್ನು ಓದುವ ಉಮ್ಮಂದಿರಿಗೆ, ಬಾಪಂದಿರಿಗೆ ಒಂದು ಮಾತು. ಮಗ ಪದವಿಯ ಎರಡನೇ ವರ್ಷದಲ್ಲಿದ್ದರೆ, ವೀಸಾ ಒಂದು ವರ್ಷ ತಡೆದರೆ ಆಗುತ್ತದಾ ಎಂದು ಮನೆಯಲ್ಲಿ ಕೂತು ಒಮ್ಮೆ ಮಾತಾಡಿ. ಆಗುವುದಿಲ್ಲ ಎಂದಾದರೆ ಬರಲಿ. ಮಾತಾಡದೆ ಕಳಿಸಬೇಡಿ.

ಈಗಾಗಲೇ ಬಿಟ್ಟು ಬಂದವರು ದೂರಶಿಕ್ಷಣದಲ್ಲಿ ಮುಗಿಸಬಹುದು. ಒಂದೇ ಎಚ್ಚರಿಕೆ. ಆ ವಿಶ್ವವಿದ್ಯಾನಿಲಯಕ್ಕೆ, ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಯುಜಿಸಿ ಮಾನ್ಯತೆ ಉಂಟಾ ಎಂದು ನೋಡಿ ಹಣ ಕಟ್ಟಿ. ಮಾನ್ಯತೆ ಹೋದ ವರ್ಷ ಇನ್ನೊಂದು ಕಾಗದ ಸಿಗುತ್ತದೆ, ಪದವಿ ಸಿಗುವುದಿಲ್ಲ. "ಆರು ತಿಂಗಳಲ್ಲಿ ಡಿಗ್ರಿ, ಬ್ಯಾಕ್‌ಡೇಟ್ ಮಾಡಿ ಕೊಡ್ತೇವೆ" ಎಂದು ಫೋನ್ ಮಾಡುವವರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಹುಡುಗನ ವಿಷಯಕ್ಕೆ ಬರುವ. ಅವನಿಗೆ ನಾವು ಕೊಟ್ಟ ಸಲಹೆ ಎರಡು. ಈಗಲೇ ಬೇಕಾದರೆ ಎ-ಪಿಎಚ್‌ಆರ್‌ಐ, ಅದಕ್ಕೆ ಅನುಭವ ತೋರಿಸಬೇಕಾಗಿಲ್ಲ. ಅದನ್ನು ಬರೆದುಕೊಂಡು, ಇನ್ನೊಂದೂವರೆ ವರ್ಷ ಇದೇ ಕೆಲಸದಲ್ಲಿದ್ದು ಪಿಎಚ್‌ಆರ್‌ಐಗೆ ಹೋಗು. ಶರ್ಮ್ ಬಾಗಿಲೂ ತೆರೆದೇ ಉಂಟು, ಆದರೆ ನಿನ್ನ ಇಂಗ್ಲಿಷ್ ಇನ್ನೂ ಸ್ವಲ್ಪ ಓಡಬೇಕು ಎಂದು ನೇರ ಹೇಳಿದೆವು. ಬೇಸರ ಮಾಡಿಕೊಳ್ಳಲಿಲ್ಲ.

ಎರಡನೆಯದು, ಈ ಒಂದೂವರೆ ವರ್ಷದಲ್ಲಿ ಕಾಗದ ಮಾಡಿಟ್ಟುಕೋ. ಇದು ಇಲ್ಲಿ ಕೂತ ಎಲ್ಲರಿಗೂ. ಯುಎಇಯ ಈಗಿನ ಕಾರ್ಮಿಕ ಕಾನೂನು 2021ರ 33ನೇ ಫೆಡರಲ್ ಡಿಕ್ರಿ-ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವುದು. ಅದರ 13ನೇ ವಿಧಿಯ ಪ್ರಕಾರ ಕೆಲಸ ಬಿಡುವಾಗ ಕೆಲಸಗಾರ ಕೇಳಿದರೆ ಮಾಲೀಕ ಅನುಭವದ ಪತ್ರ ಕೊಡಬೇಕು, ಅದಕ್ಕೆ ಹಣ ತೆಗೆದುಕೊಳ್ಳುವ ಹಾಗಿಲ್ಲ. ಸೇರಿದ ದಿನ, ಬಿಟ್ಟ ದಿನ, ಒಟ್ಟು ಸೇವೆ, ಕೊನೆಯ ಸಂಬಳ, ಬಿಟ್ಟ ಕಾರಣ, ಮತ್ತೆ ಹುದ್ದೆಯ ಹೆಸರು ಅಥವಾ ಮಾಡಿದ ಕೆಲಸದ ಸ್ವರೂಪ ಅದರಲ್ಲಿರಬೇಕು. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾರ್ಡಿನಲ್ಲಿ ಹೆಲ್ಪರ್ ಎಂದಿದ್ದರೂ ಪತ್ರದಲ್ಲಿ ನೀವು ಮಾಡಿದ ಕೆಲಸ ಎಂತದ್ದು ಎಂದು ಬರೆಸಿಕೊಳ್ಳಲಿಕ್ಕೆ ಕೇಳಬಹುದು. ಕೇಳದಿದ್ದರೆ ಯಾರೂ ಬರೆದು ಕೊಡುವುದಿಲ್ಲ.

ಕೊನೆಯ ದಿನದವರೆಗೆ ಕಾಯಬೇಡಿ. ಮ್ಯಾನೇಜರ್ ಖುಷಿಯಲ್ಲಿರುವ ಒಂದು ದಿನ ನೋಡಿ, "ಸರ್, ನಾನು ಮಾಡುವ ಕೆಲಸದ ಪಟ್ಟಿ ಕಂಪನಿ ಲೆಟರ್‌ನಲ್ಲಿ ಬೇಕಿತ್ತು" ಎಂದು ಕೇಳಿ. ಪಟ್ಟಿ ನೀವೇ ಬರೆದು ತೆಗೆದುಕೊಂಡು ಹೋಗಿ, ಅವರಿಗೆ ಸಹಿ ಹಾಕುವ ಕೆಲಸ ಮಾತ್ರ ಉಳಿಯಲಿ. ಇಲ್ಲದ್ದನ್ನು ಬರೆಯಬೇಡಿ, ಇದ್ದದ್ದನ್ನು ಬಿಡಬೇಡಿ. ಮ್ಯಾನೇಜರ್ ಬದಲಾದರೆ ಹೋಗುವ ಮೊದಲು ಅವರ ಸ್ವಂತ ಇಮೇಲ್ ಕೇಳಿಟ್ಟುಕೊಳ್ಳಿ. ಸಂಬಳದ ಚೀಟಿ, ಕಾಂಟ್ರಾಕ್ಟ್, ಇಂಕ್ರಿಮೆಂಟ್ ಲೆಟರ್ ಎಲ್ಲ ಫೋನಿನಲ್ಲಿ ಒಂದು, ಊರಿನಲ್ಲಿ ಹೆಂಡತಿಯ ಫೋನಿನಲ್ಲಿ ಇನ್ನೊಂದು. ಕಂಪನಿಯ ಗುಟ್ಟಿನ ಕಾಗದ, ಬೇರೆಯವರ ಸಂಬಳದ ಫೈಲ್ ಮಾತ್ರ ಮನೆಗೆ ತರಬೇಡಿ. ಅದು ಅನುಭವದ ದಾಖಲೆ ಅಲ್ಲ, ಕೆಲಸ ಹೋಗುವ ದಾರಿ.

ಹೆಸರಿನ ವಿಷಯ ಒಂದುಂಟು. ಸಣ್ಣದು ಅನಿಸಬಹುದು, ಆದರೆ ನಮ್ಮವರಿಗೆ ದೊಡ್ಡದು. ಪರೀಕ್ಷೆಗೆ ನೋಂದಾಯಿಸಿದ ಹೆಸರೂ ಪರೀಕ್ಷಾ ಕೇಂದ್ರಕ್ಕೆ ತಂದ ಗುರುತಿನ ದಾಖಲೆಯ ಹೆಸರೂ ಒಂದೇ ಆಗಿರಬೇಕು. ನಮ್ಮಲ್ಲಿ ಮುಹಮ್ಮದ್ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಎಷ್ಟು ಸ್ಪೆಲ್ಲಿಂಗ್! ಶಾಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಕೆಲವರಿಗೆ ಬಾಪನ ಹೆಸರು ಕೊನೆಯಲ್ಲಿ, ಕೆಲವರಿಗೆ ಮನೆತನ, ಕೆಲವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟ್ ಎದುರಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಹಾಕಿ. ಪಾಸ್‌ಪೋರ್ಟ್ ಕಂಪನಿಯ ಲಾಕರಿನಲ್ಲಿದ್ದರೆ ಒಂದು ವಾರ ಮೊದಲೇ ಕೇಳಿ ತೆಗೆದುಕೊಳ್ಳಿ. ಅದು ನಿಮ್ಮದು, ಅವರದ್ದಲ್ಲ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟು ಜನರ ರೂಮಿನಲ್ಲಿ ರಾತ್ರಿ ಲೈಟ್ ಹಾಕಿ ಓದುವುದು ಆಗದ ಮಾತು. ನಮ್ಮಲ್ಲಿ ಒಬ್ಬರು ಕಂಪನಿ ಬಸ್ಸಿನಲ್ಲಿ ಹೋಗಿಬರುವ ಎರಡು ಗಂಟೆಯಲ್ಲೇ ಓದಿ ಪಾಸಾದವರು, ಇನ್ನೊಬ್ಬರು ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಓದಿದವರು. ಮೊದಲ ಸಲ ಫೇಲ್ ಆದದ್ದು ಯಾಕೆ ಎಂಬುದು ಮಾತ್ರ ಹೇಳಬೇಕು. ಎಚ್‌ಆರ್‌ಸಿಐ ಪರೀಕ್ಷೆಯಲ್ಲಿ ಅಂಕ 100ರಿಂದ 700ರ ಅಳತೆಯಲ್ಲಿ, 500 ಬಂದರೆ ಪಾಸು. ಪ್ರಶ್ನೆಗಳು ಹೆಚ್ಚಾಗಿ ನಾಲ್ಕು ಉತ್ತರದವು. ಎಷ್ಟೋ ಕಡೆ ನಾಲ್ಕೂ ಸರಿ ಎಂದೇ ಕಾಣುತ್ತದೆ, ಮೊದಲು ಮಾಡಬೇಕಾದದ್ದು ಯಾವುದು, ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಕೇಳುತ್ತಾರೆ. ಒಬ್ಬ ಕೆಲಸಗಾರ ಬಂದು ಸೂಪರ್‌ವೈಸರ್ ಬೈತಾನೆ ಎಂದರೆ ನಮ್ಮ ಕ್ಯಾಂಪಿನ ರೂಢಿ ಎಂತ? ಇಬ್ಬರನ್ನೂ ಕರೆದು, ಚಾ ಕುಡಿಸಿ, ಕೈ ಕುಲುಕಿಸಿ ಮುಗಿಸುವುದು. ಪರೀಕ್ಷೆಯಲ್ಲಿ ಹಾಗೆ ಉತ್ತರಿಸಿದರೆ ಅಂಕ ಇಲ್ಲ. ದೂರು ಪೂರ್ತಿ ಕೇಳಬೇಕು, ಬರೆದಿಡಬೇಕು, ಎರಡೂ ಕಡೆ ವಿಚಾರಿಸಬೇಕು, ದೂರು ಕೊಟ್ಟವನಿಗೆ ತೊಂದರೆ ಆಗದಂತೆ ನೋಡಬೇಕು. ಅನುಭವ ಹೆಚ್ಚಿದ್ದವರೇ ಇಲ್ಲಿ ಜಾರುತ್ತಾರೆ, ನಾವು ಜಾರಿದ ಹಾಗೆ. ಆದರೂ ಚಾ ಕುಡಿಸುವುದನ್ನು ನಾವು ಬಿಟ್ಟಿಲ್ಲ. ಬರೆದಿಟ್ಟು ಆಮೇಲೆ ಕುಡಿಸುತ್ತೇವೆ.

ಇದರಿಂದ ಎಂತ ಸಿಗುತ್ತದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮವರು ಪಿಎಚ್‌ಆರ್‌ಐಗೆ ಕಟ್ಟಿದ್ದು ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ ಸೇರಿ 500 ಡಾಲರಿನ ಹತ್ತಿರ, ಅಂದರೆ ಸುಮಾರು 1,800 ದಿರ್ಹಮ್. ಕೆಲವರಿಗೆ ಅದು ಒಂದು ತಿಂಗಳ ಸಂಬಳ. ಹಾಗಾಗಿ ಸಿಹಿ ಮಾತು ಹೇಳುವುದಿಲ್ಲ. ಇದು ಡ್ರೈವಿಂಗ್ ಲೈಸೆನ್ಸ್ ಹಾಗಲ್ಲ. ಇದಿಲ್ಲದೆ ಯುಎಇಯಲ್ಲಿ ಎಚ್‌ಆರ್ ಕೆಲಸ ಮಾಡಬಾರದು ಎಂಬ ಕಾನೂನು ಇಲ್ಲ, ಇದಿದ್ದರೆ ಸಂಬಳ ಏರಿಸಬೇಕು ಎಂಬ ಕಾನೂನೂ ಇಲ್ಲ. ನೂರು ಸಿವಿಗಳ ನಡುವೆ ಕಾಲೇಜಿನ ಹೆಸರಿಲ್ಲದ ನಮ್ಮ ಸಿವಿಯನ್ನು ಒಮ್ಮೆ ತೆರೆದು ನೋಡುವ ಹಾಗೆ ಮಾಡುತ್ತದೆ. ಪಾಸಾದ ಇಬ್ಬರಲ್ಲಿ ಒಬ್ಬರಿಗೆ ಎಂಟು ತಿಂಗಳ ನಂತರ ಹೊಸ ಕೆಲಸ ಸಿಕ್ಕಿತು, ಇನ್ನೊಬ್ಬರು ಅದೇ ಕುರ್ಚಿಯಲ್ಲಿದ್ದಾರೆ. ಒಮ್ಮೆ ಪಾಸಾದರೆ ಜೀವಮಾನಕ್ಕೆ ಎಂದೂ ಅಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಪಿಎಚ್‌ಆರ್‌ಐಗೆ 60 ಕ್ರೆಡಿಟ್‌ನಷ್ಟು ಕಲಿಕೆ ತೋರಿಸಬೇಕು, ಇಲ್ಲವಾದರೆ ಪುನಃ ಪರೀಕ್ಷೆ.

ಸೌದಿಯಲ್ಲಿರುವ ನಮ್ಮ ಓದುಗರಿಗೆ ಬೇರೆಯೇ ಹೇಳಬೇಕು. ಅಲ್ಲಿ ಎಚ್‌ಆರ್ ಮ್ಯಾನೇಜರ್, ಸಿಬ್ಬಂದಿ ವಿಭಾಗದ ಗುಮಾಸ್ತ, ಹಾಜರಿ ನೋಡುವವನು, ಇಂಥ ಹುದ್ದೆಗಳು ಸೌದಿ ಪ್ರಜೆಗಳಿಗೇ ಮೀಸಲು. ಅಲ್ಲಿಯೇ ಬಡ್ತಿ ಸಿಗುತ್ತದೆ ಎಂದು ಆಸೆ ಹುಟ್ಟಿಸಿ ಹಣ ತೆಗೆದುಕೊಳ್ಳುವವರನ್ನು ನಂಬಬೇಡಿ. ಊರಿಗೆ ಹೋಗುವ, ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ಮಾತ್ರ ಲೆಕ್ಕ ಹಾಕಿ.

ಕೋಚಿಂಗ್ ಸೆಂಟರಿನವರು ಕೋರ್ಸ್ ಮುಗಿದ ದಿನ ಚಿನ್ನದ ಬಣ್ಣದ ಅಂಚಿನ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಅದು ತರಗತಿಗೆ ಬಂದದ್ದಕ್ಕೆ. ಪರೀಕ್ಷೆ ಪಾಸಾದದ್ದಕ್ಕೆ ಅಲ್ಲ. ನಮ್ಮಲ್ಲಿ ಒಬ್ಬರ ಮನೆಯ ಗೋಡೆಯಲ್ಲಿ ಫ್ರೇಮ್ ಹಾಕಿ ನೇತಾಡುತ್ತಿರುವುದು ಅದೇ. ಅವರ ಉಮ್ಮನಿಗೆ ನಾವು ಇನ್ನೂ ಹೇಳಿಲ್ಲ.

ಸಹೋದರಿಯರ ಬದಿಗೆ ಬರಲಿಕ್ಕೆ ತಡವಾಯಿತು, ಕ್ಷಮಿಸಿ. ಮಂಗಳೂರಿನಲ್ಲಿ ಬಿಬಿಎ ಮಾಡಿದವರು, 1960ರಿಂದ ನಡೆಯುತ್ತಿರುವ ರೋಶನಿ ನಿಲಯದಂಥ ಕಡೆ ಎಂಎಸ್‌ಡಬ್ಲ್ಯು ಮಾಡಿದವರು ಮದುವೆಯಾಗಿ ಗಂಡನ ವೀಸಾದಲ್ಲಿ ಬಂದು ಇಲ್ಲಿ ಮನೆಯಲ್ಲಿದ್ದೀರಿ. ನಿಮಗೆ ಇಲ್ಲಿನ ಅನುಭವ ಇಲ್ಲ, ಆದರೆ ನಮ್ಮ ಹುಡುಗರಲ್ಲಿ ಇಲ್ಲದ ಪದವಿ ಉಂಟು. ಎ-ಪಿಎಚ್‌ಆರ್‌ಐ ನಿಮಗೆ ಈಗಲೇ ಬರೆಯಬಹುದಾದದ್ದು. ಎಂಎಸ್‌ಡಬ್ಲ್ಯು ಆದವರಿಗೆ ಒಂದು ವರ್ಷ ಸರಿಯಾದ ಕೆಲಸ ಸಿಕ್ಕಿದರೆ ಪಿಎಚ್‌ಆರ್‌ಐ ಬಾಗಿಲೇ ತೆರೆಯುತ್ತದೆ. ನಮ್ಮ ಆ ತಮ್ಮ ಏಳು ವರ್ಷದಲ್ಲಿ ಮುಟ್ಟದ ಬಾಗಿಲು ಅದು. ಗಂಡಂದಿರೂ ಇಲ್ಲೇ ಕೂತು ಕೇಳುತ್ತಿದ್ದಾರೆ, ಹಾಗಾಗಿ ಇಷ್ಟು ಸಾಕು.

ಆ ಹುಡುಗ ಕಳೆದ ವಾರ ಬಂದಿದ್ದ. ಎ-ಪಿಎಚ್‌ಆರ್‌ಐಗೆ ಹಣ ಕೂಡಿಸುತ್ತಿದ್ದಾನೆ. ಬಿಟ್ಟ ಬಿ.ಕಾಂ. ಪುನಃ ಶುರು ಮಾಡಬಹುದಾ ಎಂದು ಊರಿನ ಕಾಲೇಜಿನಲ್ಲಿ ವಿಚಾರಿಸಲಿಕ್ಕೆ ತಂಗಿಯ ಗಂಡನಿಗೆ ಹೇಳಿದ್ದಾನೆ. ಕಂಪನಿಯಲ್ಲಿ ಕೆಲಸದ ಪಟ್ಟಿಗೆ ಸಹಿ ಕೇಳಿದನಂತೆ. ಮ್ಯಾನೇಜರ್ ಎರಡು ಸಾಲು ಹೊಡೆದು ಹಾಕಿ, ಇವನು ಬರೆಯದ ಒಂದು ಸಾಲು ತಾವೇ ಸೇರಿಸಿ, ಟೈಪ್ ಮಾಡಿ ತಾ ಎಂದಿದ್ದಾರೆ. ಸೇರಿಸಿದ ಸಾಲು ಯಾವುದು ಎಂದು ಕೇಳಿದೆವು. ಓವರ್‌ಟೈಮ್ ಬಾಕಿ ಕೊಡಿಸಿದ್ದು. ಅದು ತನ್ನ ಕೆಲಸ ಎಂದು ಇವನಿಗೆ ಬರೆಯಬೇಕು ಅನಿಸಿರಲಿಲ್ಲ.

ಭಾನುವಾರ ಅಸರ್ ನಂತರ ನಾವು ಕಚೇರಿಯಲ್ಲಿರುತ್ತೇವೆ. ಬರುವವರು ಪಾಸ್‌ಪೋರ್ಟ್ ಪ್ರತಿ, ಈಗಿನ ಕಾಂಟ್ರಾಕ್ಟ್, ಹಳೆ ಕಂಪನಿಗಳ ಯಾವ ಕಾಗದ ಇದ್ದರೂ ಅದು, ಕೊನೆಯ ಮಾರ್ಕ್ಸ್ ಕಾರ್ಡ್ ತನ್ನಿ. ಹಳೆ ಕ್ಯಾಲೆಂಡರ್ ಇದ್ದರೆ ಅದನ್ನೂ ತನ್ನಿ, ನಮ್ಮದು ಬರೆದು ಮುಗಿದಿದೆ.